ನೇತ್ರಾಣಿಯ ಒಂದು ವಾರದ ಕಡಲು ಮೊದಲೇ ಬರೆದಿಟ್ಟದ್ದು: ನನ್ನ ಅನುಭವ

ನೇತ್ರಾಣಿ ಅಂದರೆ ಮುರುಡೇಶ್ವರದ ಎದುರು ಕಡಲಿನಲ್ಲಿರುವ ದ್ವೀಪ, ಜನ ಡೈವಿಂಗ್‌ಗೆ ಹೋಗುವ ಜಾಗ. ಅವರನ್ನು ಕರೆದೊಯ್ಯುವ ಡೈವಿಂಗ್‌ನವರಿಗೆ ಬೋಟು ಬಾಡಿಗೆಗೆ ಕೊಡುವವನು ನಾನು. ಅಲ್ಲಿ ನಾಳೆ ಕಡಲು ಹೇಗಿರುತ್ತದೆ ಅಂತ ಹೇಳುವವರು ಮುರುಡೇಶ್ವರದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಹಳೇ ತಾಂಡೇಲರು, ಅಂದರೆ ಬೋಟು ನಡೆಸುವವರು, ಸಂಜೆ ದಡದಲ್ಲಿ ನಿಂತು ಪಡುವಣಕ್ಕೆ ಒಮ್ಮೆ ಕಣ್ಣು ಹಾಯಿಸಿ ಹೇಳಿಬಿಡುತ್ತಾರೆ. ಬಹಳಷ್ಟು ಸಲ ಅದು ಸರಿಯೇ ಇರುತ್ತದೆ. ನನಗೆ ಬೇಕಾಗಿದ್ದದ್ದು ಅದಲ್ಲ. ಶನಿವಾರ ರಾತ್ರಿ ಕುಳಿತು ಮುಂದಿನ ಶನಿವಾರದವರೆಗಿನದ್ದನ್ನು ಬರೆದಿಡಬೇಕು: ಯಾವ ದಿನ ಬೋಟು ಬಿಡಬಹುದು, ದ್ವೀಪದ ಯಾವ ಬದಿಯಲ್ಲಿ ಲಂಗರು ಹಾಕಬೇಕು, ಎಷ್ಟು ಗಂಟೆಯೊಳಗೆ ವಾಪಸ್ ಹೊರಡಬೇಕು. ಬಂದರಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು. "ಕಡಲು ಏನು ರೈಲಾ ಮಾರಾಯಾ, ಟೈಮ್‌ಟೇಬಲ್ ಹಾಕಲಿಕ್ಕೆ?" ಅಂದರು ಒಬ್ಬರು. ಅವರೇ ಈಗ ಶನಿವಾರ ರಾತ್ರಿ ಒಂಬತ್ತಾದರೆ ಫೋನ್ ಮಾಡುತ್ತಾರೆ.

ಮಳೆಗಾಲದಲ್ಲಿ ಈ ಪ್ರಶ್ನೆಯೇ ಇಲ್ಲ, ಎಲ್ಲರ ಬೋಟೂ ದಡದಲ್ಲಿರುತ್ತದೆ. ಚಳಿಗಾಲದ್ದೇ ತೊಂದರೆ. ಡಿಸೆಂಬರ್, ಜನವರಿಯಲ್ಲಿ ಕಡಲು ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಬೆಂಗಳೂರಿನವರು ಹತ್ತು ಹದಿನೈದು ದಿನ ಮೊದಲೇ ಬುಕ್ ಮಾಡಿ ರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ. ಬೆಳಿಗ್ಗೆ ಆರಕ್ಕೆ ನೋಡಿದರೆ ದಡದಲ್ಲಿ ಗಾಳಿಯೇ ಇಲ್ಲ, ನೀರು ಎಣ್ಣೆಯ ಹಾಗೆ. ಹೊರಡುತ್ತೀರಿ. 19 ಕಿಲೋಮೀಟರ್ ಹೋಗಿ ದ್ವೀಪದ ಹತ್ತಿರ ನಿಂತರೆ ಬೋಟು ತೊನೆದಾಡುತ್ತಿರುತ್ತದೆ. ಅರ್ಧ ಜನ ನೀರಿಗೇ ಇಳಿಯುವುದಿಲ್ಲ. ಡೈವಿಂಗ್‌ನವರು ಅವರಿಗೆ ದುಡ್ಡು ವಾಪಸ್ ಕೊಡಬೇಕು, ಆಮೇಲೆ ನನ್ನ ಬಾಡಿಗೆಗೆ ಕತ್ತರಿ ಹಾಕುತ್ತಾರೆ. ನನ್ನ ಬೋಟಿಗೆ ಹೋಗಿ ಬರಲಿಕ್ಕೆ 40 ಲೀಟರ್ ಆಸುಪಾಸು ಡೀಸೆಲ್ ಬೇಕು. ಅಂದರೆ ಮೂರೂವರೆ ಸಾವಿರ ನೀರಿಗೆ, ಹುಡುಗರ ಸಂಬಳ ಬೇರೆ. ಕೆಲವು ವರ್ಷಗಳ ಹಿಂದೆ ಒಂದೇ ಜನವರಿಯಲ್ಲಿ ಹೀಗೆ ಎಪ್ಪತ್ತು ಎಂಬತ್ತು ಸಾವಿರ ಹೋಯಿತು. ಆವತ್ತೇ ದಿನದಿನದ ಕಡಲು ಬರೆದಿಡುವ ಬುಕ್ಕು ಇಡಲು ಶುರು ಮಾಡಿದೆ.

ಮೊದಲ ಎರಡು ಸೀಸನ್ ಸಾಮಾನು ಕೊಳ್ಳುವುದರಲ್ಲೇ ಹೋಯಿತು. ಕೈಯಲ್ಲಿ ಹಿಡಿಯುವ ಗಾಳಿ ಮಾಪಕ ತರಿಸಿದೆ, ಸುಮಾರು ಎರಡು ಸಾವಿರ. ಬೋಟಿನ ಕಂಬಕ್ಕೆ ಕಟ್ಟಿದ್ದೆ, ತಿಂಗಳು ಕಳೆಯುವುದರೊಳಗೆ ಉಪ್ಪು ಹಿಡಿದು ತಿರುಗುವುದು ನಿಲ್ಲಿಸಿತು. ಮಂಗಳೂರಿನಿಂದ ತಂದ ಹಳೇ ಹಿತ್ತಾಳೆ ಬ್ಯಾರೊಮೀಟರ್, ಗಾಳಿಯ ಒತ್ತಡ ತೋರಿಸುವುದು, ನೋಡಲಿಕ್ಕೆ ಚಂದ, ಮುಳ್ಳು ಮಾತ್ರ ಒಂದೇ ಕಡೆ ನಿಂತಿರುತ್ತಿತ್ತು. ಈಗ ಅದು ಮನೆಯ ಗೋಡೆಯಲ್ಲಿದೆ. ದ್ವೀಪದಿಂದ ಸ್ವಲ್ಪ ದೂರದಲ್ಲಿ ಬಾವುಟ ಕಟ್ಟಿದ ಡ್ರಮ್ಮೊಂದನ್ನು ತೇಲಿ ಬಿಟ್ಟಿದ್ದೆ, ಅದರೊಳಗೆ ಸ್ಥಳ ಕಳಿಸುವ ಸಣ್ಣ ಮೆಷಿನ್ ಇಟ್ಟು. ಎಂಟು ಸಾವಿರದ ಹತ್ತಿರ ಖರ್ಚಾಗಿತ್ತು. ಒಂದು ವಾರ ಚಂದ ಕೆಲಸ ಮಾಡಿತು. ಆಮೇಲೆ ಯಾವುದೋ ಟ್ರಾಲ್ ಬೋಟಿನ ಬಲೆಗೆ ಸಿಕ್ಕಿತು ಕಾಣುತ್ತದೆ, ನಾಲ್ಕು ದಿನ ಬಡಗಣಕ್ಕೆ ಬೋಟಿನ ವೇಗದಲ್ಲಿ ಹೋಗುತ್ತಾ ಇತ್ತು, ಆಮೇಲೆ ಸಿಗ್ನಲ್ಲೇ ಇಲ್ಲ.

ಮೊಬೈಲ್ ಆ್ಯಪ್‌ಗಳ ಬಗ್ಗೆ ನಿಮಗೆಲ್ಲ ಗೊತ್ತೇ ಇದೆ. ನಾವು ನೋಡುವುದು ಎರಡೇ: ಗಾಳಿ ಎಷ್ಟು, ಅಲೆ ಎಷ್ಟು ಎತ್ತರ. ಒಂದು ಮೀಟರ್ ಒಳಗಿದ್ದರೆ ಹೊರಡು, ಒಂದೂವರೆ ಇದ್ದರೆ ಬೇಡ. ಈ ಲೆಕ್ಕ ಚಳಿಗಾಲದ ನೇತ್ರಾಣಿಗೆ ಕೂಡಿ ಬರುವುದಿಲ್ಲ. ಒಂದು ಮೀಟರ್ ಅಂತ ತೋರಿಸಿದ ಎರಡು ದಿನ, ಒಂದು ದಿನ ಮಕ್ಕಳೂ ಆರಾಮಾಗಿ ಕುಳಿತಿದ್ದರು, ಇನ್ನೊಂದು ದಿನ ನನ್ನ ಹುಡುಗರೇ ವಾಂತಿ ಮಾಡಿದರು. ಎತ್ತರ ಒಂದೇ, ಅವಸ್ಥೆ ಬೇರೆ.

ಇದನ್ನು ಬಿಡಿಸಿದ್ದು ಬಕೆಟ್. ನಗಬೇಡಿ. ಬೋಟಿನಲ್ಲಿ ವಾಂತಿಗೆ ಅಂತ ನೀಲಿ ಬಕೆಟ್ ಇಟ್ಟಿರುತ್ತೇವಲ್ಲ, ಪ್ರತಿ ದಿನ ಎಷ್ಟು ಜನ ಅದನ್ನು ಕೇಳಿದರು ಅಂತ ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಪಕ್ಕದಲ್ಲಿ ಆ ದಿನದ ಅಲೆಯ ಎತ್ತರ, ದಿಕ್ಕು, ಪಿರಿಯಡ್, ಅಂದರೆ ಎಷ್ಟು ಸೆಕೆಂಡಿಗೊಂದು ಅಲೆ ಬರುತ್ತದೆ ಅನ್ನುವುದು. ಒಂದು ಸೀಸನ್ ಮುಗಿಯುವಾಗ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಬಕೆಟ್ಟಿಗೂ ಎತ್ತರಕ್ಕೂ ಅಂಥ ಸಂಬಂಧ ಇಲ್ಲ. ಬಡಗು ಪಡುವಣದಿಂದ ಆರೇಳು ಎಂಟು ಸೆಕೆಂಡಿಗೊಂದು ಅಲೆ ಬಂದರೆ ಬಕೆಟ್ ಓಡಾಡುತ್ತದೆ. ತೆಂಕು ಪಡುವಣದಿಂದ ಹದಿಮೂರು ಹದಿನಾಲ್ಕು ಸೆಕೆಂಡಿನ ಉದ್ದ ಅಲೆ ಬಂದರೆ ಬೋಟು ಮೆಲ್ಲ ಏರುತ್ತದೆ, ಮೆಲ್ಲ ಇಳಿಯುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಅದೇ ಉದ್ದ ಅಲೆ ನೀರಿನ ಕೆಳಗೆ ಹೋದವರನ್ನು ಬಂಡೆಯ ಹತ್ತಿರ ಹಿಂದೆ ಮುಂದೆ ಎಳೆಯುತ್ತದೆ. ಮೇಲೆ ನೋಡಿದರೆ ಶಾಂತ, ಕೆಳಗೆ ಗಲಾಟೆ. ಹೊಸಬರನ್ನು ಇಳಿಸುವ ದಿನ ಬೇರೆ, ಕಲಿತವರನ್ನು ಇಳಿಸುವ ದಿನ ಬೇರೆ ಅಂತ ಆಗ ಡೈವಿಂಗ್‌ನವರಿಗೆ ಹೇಳಲಿಕ್ಕೆ ಶುರು ಮಾಡಿದೆ.

ಆಮೇಲೆ ಕೆಲಸ ಸುಲಭ ಆಯಿತು. ಯಾಕೆಂದರೆ ಈ ಎರಡೂ ಅಲೆ ನಮ್ಮಲ್ಲಿ ಹುಟ್ಟುವುದಲ್ಲ. ಬಡಗು ಪಡುವಣದ್ದು ಅರಬರ ಕಡೆಯ ಶಮಾಲ್ ಗಾಳಿಯದ್ದು. ನವೆಂಬರಿನಿಂದ ಮಾರ್ಚಿನವರೆಗೆ ಅಲ್ಲಿ ಆಗಾಗ ಬೀಸುತ್ತದೆ, ಕೊಲ್ಲಿಯಿಂದ ಹೊರಬಿದ್ದು ಅರಬ್ಬಿ ಸಮುದ್ರದ ಮೇಲೂ ಹರಡುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇದರ ಅಲೆ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮುಟ್ಟುವುದನ್ನು ಅಳೆದು ತೋರಿಸಿದ್ದಾರೆ. ಎಂಟು ಸೆಕೆಂಡಿನ ಅಲೆಯ ಗುಂಪು ಗಂಟೆಗೆ 22 ಕಿಲೋಮೀಟರ್ ಹೋಗುತ್ತದೆ. ಒಮಾನಿನ ಮೂಲೆಯಿಂದ ನಮ್ಮಲ್ಲಿಗೆ ಸುಮಾರು 1,800 ಕಿಲೋಮೀಟರ್. ಮೂರು ದಿನ ಚಿಲ್ಲರೆ. ಗಾಳಿ ಸಮುದ್ರದ ನಡುವಿನವರೆಗೆ ಬಂದಿದ್ದರೆ ಎರಡೇ ದಿನ.

ಭಟ್ಕಳ, ಮುರುಡೇಶ್ವರದ ಕಡೆಯವರಿಗೆ ಇಲ್ಲೊಂದು ಲಾಭ ಇದೆ. ನಮ್ಮ ಕಡೆಯವರು ದುಬೈ, ಮಸ್ಕತ್‌ನಲ್ಲಿ ಎಷ್ಟು ಜನ ಇಲ್ಲ ಹೇಳಿ! ನಮ್ಮ ಪಕ್ಕದ ಮನೆಯ ಹುಡುಗ ಮಸ್ಕತ್‌ನಲ್ಲಿ ಅಂಗಡಿಯಲ್ಲಿದ್ದಾನೆ. ಅವನಿಗೆ ಒಂದೇ ಕೆಲಸ ಹೇಳಿದ್ದೇನೆ. ಗಾಳಿ ತಿರುಗಿ ಚಳಿ ಜಾಸ್ತಿ ಆಗಿ ಧೂಳು ಬಂದರೆ ಒಂದು ಮೆಸೇಜು ಹಾಕು. "ಕಾಕಾ, ಇಲ್ಲಿ ಶುರುವಾಯ್ತು" ಅಂತ ಬರೆಯುತ್ತಾನೆ, ಅಷ್ಟೇ. ಮೊದಲು ನನ್ನ ಹೆಂಡತಿಗೂ ಇದು ಹುಚ್ಚು ಅನಿಸಿತ್ತು. ಆ್ಯಪಿನಲ್ಲೂ ಆ ಗಾಳಿ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ್ಯಪಿನಲ್ಲಿ ಬಣ್ಣ ಎಷ್ಟು ಕೆಂಪಾದರೆ ನಮ್ಮಲ್ಲಿಗೆ ಮುಟ್ಟುವ ಗಾಳಿ ಅಂತ ತೀರ್ಮಾನಿಸುವುದು ಕಷ್ಟ. ಅವನ ಅಂಗಡಿಯ ಮುಂದೆ ಏನು ಹಾರಿಹೋಯಿತು ಅನ್ನುವುದರ ಮೇಲೆ ನನಗೊಂದು ಲೆಕ್ಕ ಇದೆ. ಬೋರ್ಡು ಹಾರಿದರೆ ಎಷ್ಟು, ಬರೀ ರಟ್ಟಿನ ಡಬ್ಬ ಹಾರಿದರೆ ಎಷ್ಟು. ಆ ಪಟ್ಟಿ ಇಲ್ಲಿ ಕೊಡುವುದಿಲ್ಲ, ಕ್ಷಮಿಸಿ.

ಉದ್ದ ಅಲೆಯದ್ದು ಇನ್ನೂ ದೊಡ್ಡ ಪ್ರಯಾಣ. ಅದು ಭೂಮಿಯ ತೆಂಕಣ ತುದಿಯ ಮಹಾಸಾಗರದಲ್ಲಿ ಹುಟ್ಟಿ ಬರುತ್ತದೆ. ಹದಿನಾಲ್ಕು ಸೆಕೆಂಡಿನ ಅಲೆ ದಿನಕ್ಕೆ 900 ಕಿಲೋಮೀಟರಿಗಿಂತ ಜಾಸ್ತಿ ಓಡಿದರೂ ನಮ್ಮಲ್ಲಿಗೆ ಬರಲು ಒಂದು ವಾರ ಬೇಕು. ಅಂದರೆ ಮುಂದಿನ ಶನಿವಾರದ ಅಲೆ ಈ ಶನಿವಾರವೇ ಅಲ್ಲಿಂದ ಹೊರಟಾಗಿದೆ. ವಾರದ ಕಡಲು ಹೇಳಲಿಕ್ಕೆ ಬರುವುದಿಲ್ಲ ಅನ್ನುವವರಿಗೆ ನಾನು ಕೊಡುವ ಉತ್ತರ ಇದು. ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ ಸರಕಾರಿ ಸಾಗರ ಮಾಹಿತಿ ಕೇಂದ್ರದವರು ಉದ್ದ ಅಲೆಯ ಎಚ್ಚರಿಕೆ ಕೊಡುತ್ತಾರೆ, ಅವರ ಅಲೆಯ ಮುನ್ಸೂಚನೆಯಲ್ಲಿ ಎತ್ತರ ಬಿಟ್ಟು ಪಿರಿಯಡ್ಡಿನ ಗೆರೆ ನೋಡಿ. ಜೋರಾದ ಉದ್ದ ಅಲೆ ಏಪ್ರಿಲ್, ಮೇಯಲ್ಲಿ ಜಾಸ್ತಿ. ಚಳಿಗಾಲದಲ್ಲಿ ಅರ್ಧ ಮೀಟರಿನದ್ದೇ ಬಹಳ, ಆದರೆ ನೇತ್ರಾಣಿಯ ಬಂಡೆ ಸಂದಿಗಳಲ್ಲಿ ಅಷ್ಟೇ ಸಾಕು.

ಇನ್ನು ಉಳಿದದ್ದು ನಮ್ಮದೇ ದಿನದ ಗಾಳಿ. ರಾತ್ರಿಯಿಂದ ಬೆಳಿಗ್ಗೆವರೆಗೆ ಮೂಡಣ ಗಾಳಿ, ಮಧ್ಯಾಹ್ನದ ಮೇಲೆ ಪಡುವಣ ಗಾಳಿ. ಹೋಗುವಾಗಲೂ ಬರುವಾಗಲೂ ಗಾಳಿ ಬೆನ್ನಿಗೇ. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರು ಮಾಡಿಕೊಡುತ್ತಾರೆ? ತೊಂದರೆ ಗಾಳಿ ತಿರುಗುವ ಗಂಟೆಯದ್ದು. ಒಂದು ದಿನ ಹನ್ನೊಂದಕ್ಕೇ ಬರುತ್ತದೆ, ಇನ್ನೊಂದು ದಿನ ಒಂದಾದರೂ ಇಲ್ಲ. ದಡದಲ್ಲಿ ತಿರುಗಿದ ಮೇಲೆ ದ್ವೀಪಕ್ಕೆ ಮುಟ್ಟಲು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅದಕ್ಕೆ ನಾನು ಲಂಗರು ಹಾಕಿದ ಜಾಗದಿಂದ ಬೆಳಿಗ್ಗೆ ಎಂಟಕ್ಕೆ ದೇವಸ್ಥಾನದ ಗೋಪುರ ನೋಡುತ್ತೇನೆ. ಇಪ್ಪತ್ತು ಮಹಡಿಯ ಗೋಪುರ, ಪಕ್ಕದಲ್ಲಿ 123 ಅಡಿಯ ಶಿವ. ಮೂಡಣ ಗಾಳಿ ಬಲವಾಗಿದ್ದ ದಿನ ಊರಿನ ಹೊಗೆ, ಮಂಜು ಎಲ್ಲ ಕಡಲ ಮೇಲೆ ಬಂದು ಗೋಪುರ ಮಸುಕಾಗುತ್ತದೆ, ಒಮ್ಮೊಮ್ಮೆ ಕಾಣುವುದೇ ಇಲ್ಲ. ಆವತ್ತು ಪಡುವಣ ಗಾಳಿ ತಡ. ಗೋಪುರದ ಗೆರೆ ಚೂಪಾಗಿ ಕಂಡರೆ ಬೇಗ ಬರುತ್ತದೆ, ಹುಡುಗರಿಗೆ ಅವಸರ ಮಾಡುತ್ತೇನೆ. ಇದಕ್ಕೆ ಒಂದೇ ಅಪವಾದ, ಪಡುವಣದಿಂದಲೇ ಧೂಳು ಬಂದ ದಿನ. 2022ರ ಜನವರಿಯಲ್ಲಿ ಕರಾಚಿ ಕಡೆಯ ಧೂಳು ಮುಂಬೈಯವರೆಗೆ ಬಂದಿತ್ತು ನೋಡಿ, ಅಂಥದ್ದು ಬಂದರೆ ಗೋಪುರದ ಲೆಕ್ಕ ಕೆಲಸ ಮಾಡುವುದಿಲ್ಲ. ಗೋಪುರದ ಜೊತೆಗೆ ದ್ವೀಪದ ಒಂದು ಬಂಡೆಯ ಮೇಲೂ ಕಣ್ಣಿಟ್ಟಿರುತ್ತೇನೆ. ಯಾವ ಬಂಡೆ, ಅದರಲ್ಲಿ ಏನು ನೋಡುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ.

ಬ್ಯಾರೊಮೀಟರಿನ ಬಗ್ಗೆ ಎರಡು ಮಾತು. ಹಿತ್ತಾಳೆಯದ್ದು ಬಿಟ್ಟು ಈಗ ಡಿಪ್ಲೊಮಾ ಓದುವ ಅಕ್ಕನ ಮಗ ಮಾಡಿಕೊಟ್ಟ ಸಣ್ಣ ಡಬ್ಬಿ ಇದೆ. ಒಳಗೆ ಬಿಎಂಪಿ 280 ಅನ್ನುವ ಚಿಪ್ಪು, ನೂರೈವತ್ತು ರೂಪಾಯಿಯೋ ಏನೋ. ಇದನ್ನು ನೋಡುವವರು ಮಧ್ಯಾಹ್ನ ಒತ್ತಡ ಇಳಿಯಿತು ಅಂತ ಗಾಬರಿ ಆಗುತ್ತಾರೆ. ನಮ್ಮ ಸೀಮೆಯಲ್ಲಿ ಅದು ದಿನಾ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ, ರಾತ್ರಿ ಮತ್ತೆ ಅದೇ ಆಟ. ಮೂರು ನಾಲ್ಕು ಹೆಕ್ಟೊಪಾಸ್ಕಲ್ (ಒತ್ತಡದ ಅಳತೆ) ಸುಮ್ನೆ ಹೀಗೆ ಏರಿಳಿಯುತ್ತದೆ. ಇವತ್ತಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಯ ಜೊತೆ ಇಟ್ಟು ನೋಡಿ, ಬೇರೆ ಯಾವುದರ ಜೊತೆಯೂ ಅಲ್ಲ. ಹಾಗೆ ನೋಡಿದಾಗ ಎರಡಕ್ಕಿಂತ ಜಾಸ್ತಿ ಇಳಿದಿದ್ದರೆ ಮಾತ್ರ ಹವಾಮಾನ ಇಲಾಖೆಯ ಬುಲೆಟಿನ್ ತೆಗೆದು ಓದುತ್ತೇನೆ. ಚಳಿಗಾಲದಲ್ಲಿ ತೂಫಾನು ಬರುವುದಿಲ್ಲ ಅನ್ನುವ ಧೈರ್ಯ 2017ರ ಡಿಸೆಂಬರಿನಲ್ಲಿ ಒಖಿ ಬಂದು ಹೋದ ಮೇಲೆ ನನಗಿಲ್ಲ. ಅದು ಲಕ್ಷದ್ವೀಪದ ಮೇಲೆ ಹಾದು ಗುಜರಾತಿನ ಕಡೆ ಹೋದದ್ದು, ಆದರೂ ನಮ್ಮ ದಡದಲ್ಲಿ ಗಾಳಿ ಇಲ್ಲದೆಯೇ ಅಲೆ ಎದ್ದಿತ್ತು.

ನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಊಟದ ಸ್ಟೀಲ್ ತಟ್ಟೆಗೆ ಬಿಳಿ ಬಣ್ಣ ಹೊಡೆದು, ಮೀಟರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಸುತ್ತೇನೆ. ಎಷ್ಟನೇ ಗಂಟಿಗೆ ತಟ್ಟೆ ಮಾಯವಾಯಿತು ಅನ್ನುವುದೇ ಆ ದಿನದ ನೀರಿನ ತಿಳಿ. ಒಳ್ಳೆಯ ಜನವರಿಯಲ್ಲಿ ಹದಿನೈದರವರೆಗೆ ಕಂಡದ್ದುಂಟು. ಬಾಟ್ಲಿಯಲ್ಲಿ ಥರ್ಮಾಮೀಟರ್ ಇಟ್ಟು ಕೆಳಗೆ ಬಿಟ್ಟೆ. ಚಳಿಗಾಲದಲ್ಲಿ ಮೇಲಿನ ನೀರೂ ಇಪ್ಪತ್ತು ಮೀಟರ್ ಕೆಳಗಿನದ್ದೂ ಹೆಚ್ಚುಕಮ್ಮಿ ಒಂದೇ, 28 ಡಿಗ್ರಿ. ಅಕ್ಟೋಬರಿನಲ್ಲಿ ಹಾಗಲ್ಲ, ಮಳೆಗಾಲದಲ್ಲಿ ಕೆಳಗಿನಿಂದ ಎದ್ದ ತಣ್ಣನೆ ನೀರು ಆಗಲೂ ಕೆಳಗೆ ಕುಳಿತಿರುತ್ತದೆ. ಬಾಡಿಗೆಗೆ ದಪ್ಪ ಸೂಟು ಬೇಕಾ ಅಂತ ಕೇಳುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬಂತು. ಗಾಳಿ ಬರುವ ಮೊದಲು ಕಡಲ ಹದ್ದು ಬೇಗ ಗೂಡಿಗೆ ಬರುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ನೇತ್ರಾಣಿಯಲ್ಲಿ ಬಿಳಿ ಹೊಟ್ಟೆಯ ಹದ್ದುಗಳ ಗೂಡು ಇವೆ, ಒಂದು ಸೀಸನ್ ಪೂರ್ತಿ ಬರೆದು ನೋಡಿದೆ. ಹದ್ದು ಅದಕ್ಕೆ ಮನಸ್ಸು ಬಂದಾಗ ಬರುತ್ತದೆ.

ಸರಿ, ಸಂಕ್ರಾಂತಿ ಕಳೆದ ಮೇಲಿನ ಆ ವಾರ. ಶನಿವಾರ ರಾತ್ರಿ ನನ್ನ ಹತ್ತಿರ ಇದ್ದದ್ದು ಇಷ್ಟು. ಮಸ್ಕತ್‌ನಿಂದ ಮಧ್ಯಾಹ್ನವೇ ಮೆಸೇಜು ಬಂದಿತ್ತು, ಈ ಸಲ ಬೋರ್ಡೇ ಹಾರಿತ್ತು. ಒತ್ತಡ ನಿನ್ನೆ ಮೊನ್ನೆಯ ಹಾಗೆಯೇ. ಉದ್ದ ಅಲೆ ಅರ್ಧ ಮೀಟರ್, ಏರುವ ಲಕ್ಷಣ ಇಲ್ಲ. ಪಂಚಾಂಗದಲ್ಲಿ ಭಾನುವಾರ ಅಷ್ಟಮಿ, ಮುಂದಿನ ಶನಿವಾರ ಅಮಾವಾಸ್ಯೆ. ಅಂದರೆ ವಾರದ ಮೊದಲಿಗೆ ನೀರಿನ ಸೆಳೆತ ಕಡಿಮೆ, ಕೊನೆಗೆ ಜಾಸ್ತಿ. ಬರೆದೆ: ಭಾನುವಾರ, ಸೋಮವಾರ ಹೊರಡಿ, ಹೊಸಬರನ್ನೂ ಇಳಿಸಬಹುದು, ಹನ್ನೆರಡರ ಒಳಗೆ ಬಿಡಿ. ಮಂಗಳವಾರ, ಬುಧವಾರ ರದ್ದು. ಗುರುವಾರ ಅನುಮಾನ, ಹೋದರೆ ದ್ವೀಪದ ತೆಂಕು ಮೂಡಣ ಬದಿಗೆ ಮಾತ್ರ. ಶುಕ್ರವಾರ, ಶನಿವಾರ ಎರಡೆರಡು ಸುತ್ತು ಹೋಗಬಹುದು, ಶನಿವಾರ ಬಡಗಣ ಮೂಲೆ ಬೇಡ.

ಇದನ್ನು ಡೈವಿಂಗ್‌ನವರಿಗೆ ಕಳಿಸಿದಾಗ ಒಬ್ಬರು ಸಿಟ್ಟಾದರು. ಮಂಗಳವಾರ ಅವರಿಗೆ ಒಂದು ಕಂಪನಿಯ ದೊಡ್ಡ ಗುಂಪು ಇತ್ತು. ಆ್ಯಪಿನಲ್ಲಿ ಮಂಗಳವಾರ ಗಾಳಿ ಏಳೆಂಟು ಕಿಲೋಮೀಟರ್, ಅಲೆ ಒಂದು ಮೀಟರ್ ಚಿಲ್ಲರೆ. "ಇದಕ್ಕೂ ರದ್ದು ಮಾಡ್ತೀರಾ ಅಣ್ಣ?" ಅಂದರು. ಭಾನುವಾರ ಕಡಲು ಕನ್ನಡಿ. ಸೋಮವಾರವೂ ಹಾಗೇ. ಸೋಮವಾರ ಸಂಜೆ ಬಂದರಿನಲ್ಲಿ ನನ್ನನ್ನು ನೋಡಿ ನಗದವರಿಲ್ಲ. ನಾನು ಚಹಾ ಕುಡಿದು ಮನೆಗೆ ಬಂದೆ. ಅಲೆ ನಾನು ಬರೆದದ್ದಕ್ಕಿಂತ ಕೆಲವು ಗಂಟೆ ಮೊದಲೇ ಬಂತು. ಸೋಮವಾರ ರಾತ್ರಿ ಹತ್ತರ ಮೇಲೆ ದಡದ ಸದ್ದು ಬದಲಾಗಿತ್ತು.

ಮಂಗಳವಾರ ನಾನು ಬೋಟು ಬಿಡಲಿಲ್ಲ. ಆ ಗುಂಪು ಬೇರೆಯವರ ಬೋಟಿನಲ್ಲಿ ಹೋಯಿತು. ಬೆಳಿಗ್ಗೆ ಗಾಳಿ ಇರಲಿಲ್ಲ ಅನ್ನುವುದು ನಿಜ, ಆ್ಯಪ್ ಹೇಳಿದ್ದು ಸುಳ್ಳಲ್ಲ. ಆದರೆ ಏಳು ಸೆಕೆಂಡಿಗೊಂದು ಅಲೆ ಬಡಗು ಪಡುವಣದಿಂದ ಬಂದು ದ್ವೀಪದ ಎರಡೂ ಬದಿ ಸುತ್ತುತ್ತಿತ್ತು. ಹತ್ತೂವರೆಗೆಲ್ಲ ವಾಪಸ್ ಬಂದರು. ನೀರಿಗೆ ಇಳಿದವರು ನಾಲ್ಕೋ ಐದೋ ಜನ. ಬಕೆಟ್ಟಿನ ಲೆಕ್ಕ ನಾನು ಕೇಳಲಿಲ್ಲ, ಅವರ ಹುಡುಗನೇ ಹೇಳಿದ, ಬಕೆಟ್ ಸಾಲಲಿಲ್ಲ ಅಂತ. ಬುಧವಾರ ಯಾರೂ ಹೋಗಲಿಲ್ಲ.

ಗುರುವಾರ ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು, ಹತ್ತರ ಮೇಲೆ ಯಾವ ಬದಿಗಾದರೂ ಲಂಗರು ಹಾಕಬಹುದಿತ್ತು. ಶುಕ್ರವಾರ ಕಡಲು ನಾನು ಬರೆದ ಹಾಗೆಯೇ ಸಪಾಟು, ಆದರೆ ನೀರಿನ ಮೇಲೆ ಹಸಿರು ಪಾಚಿಯ ಪಟ್ಟೆ ಬಂದು ನಿಂತಿತ್ತು. ರಾತ್ರಿ ದಡದಲ್ಲಿ ಅಲೆ ಮಿನುಗುತ್ತದಲ್ಲ, 2020ರ ನವೆಂಬರಿನಲ್ಲಿ ಮಲ್ಪೆ, ಕಾರವಾರದಲ್ಲೆಲ್ಲ ಜನ ನೋಡಲು ಓಡಿದ್ದರು, ಅದೇ ನಾಕ್ಟಿಲೂಕಾ. ನನ್ನ ತಟ್ಟೆ ಐದನೇ ಗಂಟಿಗೇ ಮಾಯ. ಇದನ್ನು ವಾರದ ಮೊದಲೇ ಹೇಳುವ ದಾರಿ ನನ್ನ ಹತ್ತಿರ ಇಲ್ಲ. ದ್ವೀಪವನ್ನು ಅರ್ಧ ಸುತ್ತು ಹಾಕಿ ಪಟ್ಟೆ ಇಲ್ಲದ ಕಡೆ ನಿಲ್ಲಿಸಿದೆವು, ಅಲ್ಲಿ ಒಂಬತ್ತು ಹತ್ತು ಗಂಟಿನವರೆಗೆ ಕಂಡಿತು. ಶನಿವಾರ ಬಡಗಣ ಮೂಲೆಯಲ್ಲಿ ನೀರು ಹೊಳೆಯ ಹಾಗೆ ಎಳೆಯುತ್ತಿತ್ತು. ಚಳಿಗಾಲದಲ್ಲಿ ನಮ್ಮ ಕರಾವಳಿಯ ನೀರು ಹೇಗೂ ತೆಂಕಣದಿಂದ ಬಡಗಣಕ್ಕೆ ಹರಿಯುತ್ತದೆ, ಅಮಾವಾಸ್ಯೆಯ ಸೆಳೆತ ಅದಕ್ಕೆ ಸೇರಿಕೊಂಡರೆ ಹಾಗೇ ಆಗುವುದು.

ದುಡ್ಡಿನ ಲೆಕ್ಕಕ್ಕೆ ಬಂದರೆ, ಮಂಗಳವಾರ ಬುಧವಾರದ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನರನ್ನು ಶುಕ್ರವಾರ ಶನಿವಾರಕ್ಕೆ ತಳ್ಳಿದ್ದೆವು. ಮೊದಲೇ ಹೇಳಿದರೆ ಜನ ಬಸ್ ಟಿಕೆಟ್ ಬದಲಾಯಿಸುತ್ತಾರೆ, ದಡಕ್ಕೆ ಬಂದ ಮೇಲೆ ಹೇಳಿದರೆ ಜಗಳ ಆಡುತ್ತಾರೆ, ಅಷ್ಟೇ ವ್ಯತ್ಯಾಸ. ಡೀಸೆಲ್ಲು, ಬಾಡಿಗೆ ಕಡಿತ ಎಲ್ಲ ಸೇರಿ ಆ ಒಂದು ವಾರದಲ್ಲಿ ಇಪ್ಪತ್ತು ಇಪ್ಪತ್ತೆರಡು ಸಾವಿರ ಉಳಿಯಿತು. ಸಿಟ್ಟಾದವರು ಈಗ ಸೀಸನ್ನಿನಲ್ಲಿ ಮೊದಲ ಬಾಡಿಗೆ ನನಗೇ ಕೊಡುತ್ತಾರೆ. ನಾನು ಬೇರೇನೂ ಕೇಳಿಲ್ಲ.

ಮಲ್ಪೆಯ ಒಬ್ಬರು ಇದನ್ನು ಅಲ್ಲಿನ ಸೇಂಟ್ ಮೇರೀಸ್ ದ್ವೀಪಕ್ಕೂ ಬರೆದುಕೊಡಿ ಅಂದರು. ನನ್ನ ಬುಕ್ಕು ಅಲ್ಲಿಗೆ ಹೊಂದುವುದಿಲ್ಲ. ಅದು ದಡಕ್ಕೆ ಹತ್ತಿರ, ಸುತ್ತ ನೀರೂ ಆಳ ಇಲ್ಲ, ಉದ್ದ ಅಲೆ ಅಲ್ಲಿ ಮಾಡುವ ಕೆಲಸವೇ ಬೇರೆ. ಎರಡು ಸೀಸನ್ ನೀವೇ ಬಕೆಟ್ ಲೆಕ್ಕ ಬರೆಯಿರಿ ಅಂದೆ. ಬರೆಯುತ್ತಾರೋ ಇಲ್ಲವೋ ನೋಡಬೇಕು.

ಸದ್ಯಕ್ಕೆ ನನಗಿರುವ ಚಿಂತೆ ಬೇರೆ. ಮಸ್ಕತ್‌ನ ಹುಡುಗ ಅಲ್ಲಿನ ಕೆಲಸ ಬಿಟ್ಟು ಊರಿಗೆ ಬರುತ್ತಾನಂತೆ. ಒಮಾನಿನ ಸೂರ್ ಕಡೆ, ಕಡಲಿಗೆ ಹತ್ತಿರ ಇರುವವರು ನಿಮಗೆ ಯಾರಾದರೂ ಗೊತ್ತಿದ್ದರೆ ಹೇಳಿ. ಅಂಗಡಿಯೇ ಆಗಬೇಕೆಂದಿಲ್ಲ, ಹೊರಗೆ ಒಂದು ಬೋರ್ಡು ಇದ್ದರೆ ಸಾಕು.